ಒಂದು ಜೀವದ ಬೆಲೆ: ‘ಫಾಯ್ಲ್ಸ್ ವಾರ್’ ಧಾರಾವಾಹಿಯ ವಿವೇಚನೆ

ಪತ್ತೇದಾರಿ ಕಥೆಗಳ ಮೇಲೆ ನೀತಿಚಿಂತಕರು ಬಹುಕಾಲದಿಂದ ಹೊರಿಸುತ್ತ ಬಂದಿರುವ ಆಕ್ಷೇಪವೊಂದಿದೆ. ಅಲ್ಲಿ ಒಂದು ಜೀವದ ಅಂತ್ಯವೇ ವಿನೋದದ ಆರಂಭವಾಗುತ್ತದೆ. ಶವವು ಕಣ್ಣಿಗೆ ಬಿದ್ದ ಗಳಿಗೆಯಿಂದಲೇ ಸತ್ತವರ ನೆನಪು ಹಿಂದೆ ಸರಿದು, ಕೊಂದವರಾರೆಂಬ ಒಗಟು ಮುಂದೆ ಬರುತ್ತದೆ. ವೀಕ್ಷಕನು ಸಾವಿಗಾಗಿ ಮರುಗುವುದಿಲ್ಲ. ಮುಂದಿನ ಸುಳಿವಿಗಾಗಿ ಕಾಯುತ್ತಾನೆ. ಹಿರಿಯರೂ ಕಿರಿಯರೂ ಒಟ್ಟಿಗೆ ಕುಳಿತು ದೂರದರ್ಶನ ನೋಡುವ ಮನೆಗಳಲ್ಲಿ ಈ ಆಕ್ಷೇಪಕ್ಕೆ ಹೆಚ್ಚಿನ ತೂಕವುಂಟು. ಹಿಂಸೆಯನ್ನು ಕಂಡು ಕಂಡು ಮನಸ್ಸು ಜಡವಾಗುವುದೂ ಒಂದು ಬಗೆಯ ಹಾನಿಯೇ ಸರಿ.

ಬ್ರಿಟನ್ನಿನ ದೂರದರ್ಶನವು ಪತ್ತೇದಾರಿ ಧಾರಾವಾಹಿಗಳ ತವರು. ಒಳ್ಳೆಯವೂ ಸಾಧಾರಣವಾದವೂ ಅಲ್ಲಿ ಹೇರಳವಾಗಿ ಬಂದಿವೆ. ಅವುಗಳ ನಡುವೆ ಮೇಲಿನ ಆಕ್ಷೇಪವನ್ನು ಎದುರಿಸಿ ನಿಂತ ಕೃತಿಯೊಂದಿದೆ. ಅದು ‘ಫಾಯ್ಲ್ಸ್ ವಾರ್’, ಎಂದರೆ ಫಾಯ್ಲನ ಯುದ್ಧ. ಐಟಿವಿ ವಾಹಿನಿಯಲ್ಲಿ 2002ರ ಅಕ್ಟೋಬರಿನಲ್ಲಿ ಆರಂಭವಾಗಿ 2015ರಲ್ಲಿ ಮುಗಿದ ಈ ಧಾರಾವಾಹಿಯಲ್ಲಿ ಒಟ್ಟು 28 ಕಂತುಗಳಿವೆ. ಒಂದೊಂದೂ ಒಂದು ಚಲನಚಿತ್ರದಷ್ಟು ದೀರ್ಘವಾದ, ತನ್ನಲ್ಲೇ ಪೂರ್ಣವಾದ ಕಥೆ. ಜಾನ್ ಥಾ ಅವರ ಅಭಿನಯದಿಂದ ಪ್ರಸಿದ್ಧವಾಗಿದ್ದ ‘ಇನ್‌ಸ್ಪೆಕ್ಟರ್ ಮೋರ್ಸ್’ 2000ದಲ್ಲಿ ಮುಗಿದಾಗ ತೆರವಾದ ಸ್ಥಾನವನ್ನು ತುಂಬಲೆಂದು ಲೇಖಕ ಆಂಟನಿ ಹೊರೊವಿಟ್ಜ್ ಇದನ್ನು ರೂಪಿಸಿದರು. ಆದರೆ ಅವರು ಆರಿಸಿಕೊಂಡ ಕಾಲ ಮತ್ತು ಸ್ಥಳಗಳು ಈ ಕೃತಿಯನ್ನು ಅದರ ಪೂರ್ವಜರಿಂದ ಬೇರೆಯಾಗಿಸಿದವು.

ಕಾಲವು ಎರಡನೆಯ ಮಹಾಯುದ್ಧದ್ದು. ಕಥೆ 1940ರ ಮೇ ತಿಂಗಳಿನಿಂದ ತೊಡಗುತ್ತದೆ. ಸ್ಥಳವು ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ, ಸಸೆಕ್ಸ್ ಪ್ರಾಂತದ ಹೇಸ್ಟಿಂಗ್ಸ್ ಪಟ್ಟಣ. ಎದುರಿನ ಫ್ರಾನ್ಸ್ ಜರ್ಮನರ ವಶವಾಗುತ್ತಿರುವಾಗ, ನಾಳೆ ಶತ್ರು ಇದೇ ದಡದಲ್ಲಿ ಇಳಿಯಬಹುದೆಂಬ ಭಯ ಮನೆಮನೆಯನ್ನೂ ಆವರಿಸಿತ್ತು. ಇಲ್ಲಿನ ಪೊಲೀಸ್ ಅಧಿಕಾರಿ ಕ್ರಿಸ್ಟೋಫರ್ ಫಾಯ್ಲ್ ಹಿಂದಿನ ಮಹಾಯುದ್ಧದಲ್ಲಿ ಹೋರಾಡಿದವನು, ಪತ್ನಿಯನ್ನು ಕಳೆದುಕೊಂಡವನು. ಒಬ್ಬನೇ ಮಗ ವಾಯುಪಡೆಯ ವಿಮಾನ ಚಾಲಕ. ದೇಶವು ಸಂಕಟದಲ್ಲಿರುವಾಗ ತನಗೂ ಯುದ್ಧಸಂಬಂಧವಾದ ಕೆಲಸ ಕೊಡಬೇಕೆಂದು ಆತ ಮೇಲಧಿಕಾರಿಯನ್ನು ಕೇಳುತ್ತಾನೆ. ಮನವಿ ತಿರಸ್ಕೃತವಾಗುತ್ತದೆ. ಕಳ್ಳರನ್ನೂ ಕೊಲೆಗಾರರನ್ನೂ ಹಿಡಿಯುವ ಹಳೆಯ ಕೆಲಸವೇ ಆತನ ಪಾಲಿಗೆ ಉಳಿಯುತ್ತದೆ.

ಧಾರಾವಾಹಿಯ ಮೂಲಪ್ರಶ್ನೆ ಹುಟ್ಟುವುದು ಇಲ್ಲಿಯೇ. ದಿನಕ್ಕೆ ಸಾವಿರಾರು ಜನ ಸಾಯುತ್ತಿರುವಾಗ, ಕೊಲ್ಲುವವರಿಗೆ ಪದಕಗಳು ದೊರೆಯುತ್ತಿರುವಾಗ, ಒಂದು ಕೊಲೆಯ ವಿಚಾರಣೆಗೆ ಏನರ್ಥ? ಸಮುದ್ರದ ಮುಂದೆ ಒಂದು ಬಿಂದುವಿನ ಲೆಕ್ಕವಿಡುವವನು ಹುಚ್ಚನೋ ವಿವೇಕಿಯೋ? ಸಾಮಾನ್ಯ ಪತ್ತೇದಾರಿ ಕಥೆಯಲ್ಲಿ ಕೊಲೆಗಾರನ ಹೆಸರು ತಿಳಿದೊಡನೆ ಕಥೆ ಮುಗಿಯುತ್ತದೆ. ಈ ಧಾರಾವಾಹಿಯ ಶ್ರೇಷ್ಠ ಕಂತುಗಳಲ್ಲಿ ನಿಜವಾದ ಕಥೆ ತೊಡಗುವುದೇ ಆ ಹೆಸರು ತಿಳಿದ ಮೇಲೆ.

ಮೊದಲ ಕಂತು ‘ದಿ ಜರ್ಮನ್ ವುಮನ್’ ಇದಕ್ಕೆ ಉತ್ತಮ ನಿದರ್ಶನ. 1940ರಲ್ಲಿ ಬ್ರಿಟಿಷ್ ಸರಕಾರವು ಶತ್ರುದೇಶಗಳ ಮೂಲದ 25,000ಕ್ಕೂ ಹೆಚ್ಚು ಜನರನ್ನು ಬಂಧನದಲ್ಲಿಟ್ಟಿತು. ಅವರಲ್ಲಿ ಬಹುಮಂದಿ ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರೇ ಆಗಿದ್ದರು. ಕಥೆಯಲ್ಲಿ ಜರ್ಮನ್ ಮೂಲದ ವೃದ್ಧ ದಂಪತಿಗಳು ಹೀಗೆ ಬಂಧಿತರಾಗಿ, ಪತ್ನಿ ಬಂಧನದಲ್ಲೇ ಸಾಯುತ್ತಾಳೆ. ಅದೇ ಊರಿನ ಸಿರಿವಂತ ನ್ಯಾಯಾಧೀಶನೊಬ್ಬನ ಜರ್ಮನ್ ಪತ್ನಿಯಾದರೋ ಗಂಡನ ಪ್ರಭಾವದಿಂದ ಬಂಧನ ತಪ್ಪಿಸಿಕೊಂಡು ಕುದುರೆ ಸವಾರಿ ಮಾಡುತ್ತಿರುತ್ತಾಳೆ. ಒಂದು ದಿನ ಅವಳ ದಾರಿಗೆ ಅಡ್ಡಲಾಗಿ ಬಿಗಿದ ತಂತಿಗೆ ಅವಳು ಬಲಿಯಾಗುತ್ತಾಳೆ. ಜರ್ಮನ್ ಬಾಂಬಿನಿಂದ ಊರಿನ ಹುಡುಗಿಯೊಬ್ಬಳು ಸತ್ತ ಹೊತ್ತು ಅದು. ಈ ಹೆಂಗಸಿಗಾಗಿ ಕಣ್ಣೀರಿಡುವವರು ಊರಿನಲ್ಲಿ ವಿರಳ.

ಕೊನೆಯಲ್ಲಿ ಕೊಲೆಗಾರನು ಸಿಕ್ಕಿಬೀಳುತ್ತಾನೆ. ಅವನು ನೌಕಾಪಡೆಯ ಅಧಿಕಾರಿ. ಯುದ್ಧಕ್ಕೆ ಅತ್ಯಗತ್ಯವಾದ ಗುಪ್ತಕಾರ್ಯದಲ್ಲಿ ತೊಡಗಿರುವವನು. ತಾನು ಕೊಂದದ್ದನ್ನು ಅವನು ಅಲ್ಲಗಳೆಯುವುದಿಲ್ಲ. ತನ್ನ ಕೆಲಸದಿಂದ ಎಷ್ಟೋ ನಾವಿಕರ ಪ್ರಾಣ ಉಳಿಯಲಿದೆ, ತನ್ನನ್ನು ಗಲ್ಲಿಗೇರಿಸಿದರೆ ಅವರೆಲ್ಲ ಸಾಯುತ್ತಾರೆ, ಸತ್ತವಳಾದರೂ ಶತ್ರುದೇಶದವಳು ಎಂದು ಶಾಂತವಾಗಿ ಲೆಕ್ಕ ಹೇಳುತ್ತಾನೆ. ಲೆಕ್ಕ ತಪ್ಪಿಲ್ಲ. ಫಾಯ್ಲನೂ ಅದನ್ನು ತಪ್ಪೆನ್ನುವುದಿಲ್ಲ. ಕೇಳಿಸಿಕೊಳ್ಳುತ್ತಾನೆ, ತೂಗಿ ನೋಡುತ್ತಾನೆ, ಕೊನೆಗೆ ಬಂಧಿಸುತ್ತಾನೆ. ಸತ್ತವಳು ಮನುಷ್ಯಳೆಂಬುದೊಂದೇ ಆತನ ಪ್ರತ್ಯುತ್ತರದ ಸಾರ. ಅಷ್ಟನ್ನು ಬಿಟ್ಟುಕೊಟ್ಟ ಮೇಲೆ ಯಾವುದರ ವಿರುದ್ಧ ಹೋರಾಡುತ್ತಿರುವೆವೋ ಅದೇ ಆಗಿಬಿಡುವ ಅಪಾಯವನ್ನು ಆತ ಕಂಡಿದ್ದಾನೆ.

ಹೊರೊವಿಟ್ಜ್ ಈ ವಾದವನ್ನು ಒಂದೇ ಕಂತಿನಲ್ಲಿ ಗೆಲ್ಲಿಸಿ ಸುಮ್ಮನಿದ್ದಿದ್ದರೆ ಅದು ಸುಲಭದ ನೀತಿಪಾಠವಾಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. 2003ರ ‘ಫಿಫ್ಟಿ ಶಿಪ್ಸ್’ ಕಂತಿನಲ್ಲಿ ಅದೇ ವಾದವು ಹೆಚ್ಚಿನ ಬಲದೊಡನೆ ಮರಳಿ ಬರುತ್ತದೆ. 1940ರ ಸೆಪ್ಟೆಂಬರಿನಲ್ಲಿ ಅಮೆರಿಕವು ತನ್ನ 50 ಹಳೆಯ ಯುದ್ಧನೌಕೆಗಳನ್ನು ಬ್ರಿಟನ್ನಿಗೆ ಕೊಟ್ಟು ಪ್ರತಿಯಾಗಿ ನೌಕಾನೆಲೆಗಳನ್ನು ಪಡೆದದ್ದು ಇತಿಹಾಸ. ಆ ಸಹಾಯದ ಪರವಾಗಿ ಕೆಲಸ ಮಾಡುವ ಅಮೆರಿಕದ ಶ್ರೀಮಂತನೊಬ್ಬನನ್ನು ಲೇಖಕರು ಕಲ್ಪಿಸಿಕೊಂಡಿದ್ದಾರೆ. ಪಾತ್ರಧಾರಿ ಹೆನ್ರಿ ಗುಡ್‌ಮನ್. ಅವನ ಸಂಪತ್ತು ಹಳೆಯ ಗೆಳೆಯನೊಬ್ಬನ ಆವಿಷ್ಕಾರವನ್ನು ಕದ್ದು ಗಳಿಸಿದ್ದು. ಆ ಗೆಳೆಯನನ್ನೇ ಅವನು ಕೊಂದಿದ್ದಾನೆ. ಫಾಯ್ಲನಿಗೆ ಸತ್ಯ ತಿಳಿದಿದೆ. ಆದರೆ ಈ ಬಾರಿ ಕೊಲೆಗಾರನ ಹಿಂದೆ ಸರಕಾರವೇ ನಿಂತಿದೆ. ದೇಶಕ್ಕೆ ಅವನು ಬೇಕು, ಹಡಗುಗಳು ಬೇಕು. ಅವನು ಬಂಧನವಿಲ್ಲದೆ ಸ್ವದೇಶಕ್ಕೆ ಹೊರಡುತ್ತಾನೆ. ಯುದ್ಧವು ಎಂದಾದರೊಂದು ದಿನ ಮುಗಿಯುತ್ತದೆ, ಅಂದು ನಿನ್ನನ್ನು ಹುಡುಕಿಕೊಂಡು ಬರುತ್ತೇನೆ ಎಂಬ ಮಾತನ್ನು ಅವನ ಮುಂದೆ ಇಟ್ಟು ಫಾಯ್ಲ್ ಹಿಂದಿರುಗುತ್ತಾನೆ. ಕೋಪವಿಲ್ಲದ, ಗಡುವೂ ಇಲ್ಲದ ಆ ಮಾತು ಸಾಲದ ಪತ್ರದಂತೆ ವೀಕ್ಷಕನ ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ಹೀಗೆ ಕೊಲೆಗಾರನ ನೆಪವೂ ರಾಜ್ಯದ ನೆಪವೂ ಒಂದೇ ಭಾಷೆಯಲ್ಲಿ ಮಾತನಾಡುತ್ತವೆಂಬುದು ಈ ಧಾರಾವಾಹಿಯ ಮುಖ್ಯ ಕಾಣ್ಕೆ. ‘ಇದು ಅನಿವಾರ್ಯ’, ‘ಇದು ಸದ್ಯಕ್ಕೆ ಮಾತ್ರ’, ‘ಬಹುಜನರ ಹಿತಕ್ಕಾಗಿ’ ಎಂಬ ಮೂರು ನುಡಿಗಳು ಕಂತಿನಿಂದ ಕಂತಿಗೆ ಬೇರೆ ಬೇರೆ ಬಾಯಿಗಳಿಂದ ಹೊರಡುತ್ತವೆ. 2006ರ ‘ಬ್ಯಾಡ್ ಬ್ಲಡ್’ ಕಂತಿನಲ್ಲಿ ಸೇನೆಯು ಕುರಿಗಳ ಮೇಲೆ ಗುಟ್ಟಾಗಿ ನಡೆಸುವ ಆಂಥ್ರಾಕ್ಸ್ ಪ್ರಯೋಗ ಊರೊಳಗೆ ಹಬ್ಬಿ, ಫಾಯ್ಲನ ವಾಹನ ಚಾಲಕಿಯೇ ಸಾವಿನ ಬಾಗಿಲಿಗೆ ಹೋಗುತ್ತಾಳೆ. ಕಲ್ಪನೆಯ ಹಿಂದೆ ವಾಸ್ತವವಿದೆ: 1942ರಲ್ಲಿ ಸ್ಕಾಟ್ಲೆಂಡಿನ ಗ್ರುಯಿನಾರ್ಡ್ ದ್ವೀಪದಲ್ಲಿ ಕುರಿಗಳ ಮೇಲೆ ಇಂಥ ಪ್ರಯೋಗ ನಡೆಯಿತು, ಆ ನೆಲವು ಸುರಕ್ಷಿತವೆಂದು ಘೋಷಿತವಾಗಲು 1990ರವರೆಗೆ ಕಾಯಬೇಕಾಯಿತು. ‘ಸದ್ಯಕ್ಕೆ’ ಎಂಬ ಮಾತಿನ ಆಯುಷ್ಯ ಎಷ್ಟು ದೀರ್ಘವೆಂಬುದಕ್ಕೆ ಆ ಒಂದು ದ್ವೀಪವೇ ಸಾಕ್ಷಿ.

ಅಹಿಂಸೆಯನ್ನು ನೆಚ್ಚಿದವರು ವಿಶೇಷವಾಗಿ ನೋಡಬೇಕಾದ ಎರಡು ಕಂತುಗಳಿವೆ. ಮೊದಲನೆಯದು 2002ರ ‘ಎ ಲೆಸನ್ ಇನ್ ಮರ್ಡರ್’. ಬ್ರಿಟನ್ನಿನಲ್ಲಿ 1939ರಲ್ಲಿ ಕಡ್ಡಾಯ ಸೈನ್ಯಸೇವೆ ಜಾರಿಗೆ ಬಂದಾಗ, ಕೊಲ್ಲುವುದು ತಮ್ಮ ಅಂತಃಸಾಕ್ಷಿಗೆ ವಿರುದ್ಧವೆಂದು ಸುಮಾರು 60,000 ಜನ ನೋಂದಾಯಿಸಿಕೊಂಡರು. ಅವರ ಮಾತು ಪ್ರಾಮಾಣಿಕವೇ ಎಂಬುದನ್ನು ವಿಶೇಷ ನ್ಯಾಯಮಂಡಲಿಗಳು ತೀರ್ಮಾನಿಸುತ್ತಿದ್ದವು. ಈ ಕಂತಿನಲ್ಲಿ ಅಂಥ ಒಬ್ಬ ತರುಣನ ಮನವಿಯನ್ನು ನ್ಯಾಯಾಧೀಶನು ತಳ್ಳಿಹಾಕುತ್ತಾನೆ. ಪೊಲೀಸರು ಅವನನ್ನು ಕೋಣೆಗೆ ತಳ್ಳಿ, ತಣ್ಣೀರು ಹಾಯಿಸಿ ಅವಮಾನಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಅವನು ನೇಣಿಗೆ ಕೊರಳೊಡ್ಡಿರುತ್ತಾನೆ. ಕೊಲ್ಲಲೊಲ್ಲದವನನ್ನು ಹೇಡಿಯೆಂದು ಕರೆದ ಸಮಾಜವು ಅವನನ್ನು ಕೊಂದ ಬಗೆಯಿದು. ತನ್ನದೇ ಇಲಾಖೆಯವರ ಕೈಯಿಂದ ಈ ಅನ್ಯಾಯ ನಡೆದದ್ದು ಫಾಯ್ಲನನ್ನು ಉಳಿದೆಲ್ಲಕ್ಕಿಂತ ಹೆಚ್ಚಾಗಿ ಕಾಡುತ್ತದೆ. ಆತ ಸ್ವತಃ ಶಾಂತಿವಾದಿಯಲ್ಲ. ಹಿಟ್ಲರನ ವಿರುದ್ಧದ ಯುದ್ಧ ನಡೆಯಲೇಬೇಕೆಂದು ನಂಬಿದವನು. ತನ್ನ ನಂಬಿಕೆಯನ್ನು ಒಪ್ಪದವನ ಪ್ರಾಣಕ್ಕೂ ಮಾನಕ್ಕೂ ಆತ ಕೊಡುವ ಬೆಲೆಯಲ್ಲಿ ಪಾತ್ರದ ಘನತೆಯಿದೆ.

ಎರಡನೆಯದು 2008ರ ‘ಪ್ಲಾನ್ ಆಫ್ ಅಟ್ಯಾಕ್’. ಇಲ್ಲಿ ವಾಯುಪಡೆಗಾಗಿ ನಕ್ಷೆ ತಯಾರಿಸುವ ಧರ್ಮಭೀರುವೊಬ್ಬನಿದ್ದಾನೆ. ಅವನು ಬಂದೂಕು ಹಿಡಿದವನಲ್ಲ, ವಿಮಾನ ಏರಿದವನಲ್ಲ. ಮೇಜಿನ ಮುಂದೆ ಕುಳಿತು ಗೆರೆ ಎಳೆಯುತ್ತಾನೆ. ಆ ಗೆರೆಗಳನ್ನು ಅನುಸರಿಸಿ ಹೋದ ವಿಮಾನಗಳು ಜರ್ಮನಿಯ ನಗರಗಳಲ್ಲಿ ಹೆಂಗಸರು ಮಕ್ಕಳೆನ್ನದೆ ಸುಟ್ಟುಹಾಕುತ್ತವೆ. ಈ ಅರಿವು ಅವನನ್ನು ಒಳಗೊಳಗೇ ಕುದಿಸುತ್ತದೆ. ಕೊಂದವನು, ಕೊಲ್ಲಿಸಿದವನು, ಕೊಲೆಗೆ ಒಪ್ಪಿ ಸುಮ್ಮನಿದ್ದವನು, ಇವರಲ್ಲಿ ಹೊಣೆ ಯಾರದೆಂಬ ಪ್ರಶ್ನೆಯನ್ನು ಜನಪ್ರಿಯ ಮನರಂಜನೆಯೊಂದು ಇಷ್ಟು ನೇರವಾಗಿ ಎತ್ತಿದ್ದು ಅಪರೂಪ.

ಇಂಥ ವಸ್ತುವು ಉಪದೇಶವಾಗಿ ಭಾರಗೊಳ್ಳದಿರಲು ನಟವರ್ಗವೇ ಕಾರಣ. ಫಾಯ್ಲನ ಪಾತ್ರ ವಹಿಸಿದ ಮೈಕೇಲ್ ಕಿಚನ್ 1948ರಲ್ಲಿ ಲೆಸ್ಟರ್ ನಗರದಲ್ಲಿ ಜನಿಸಿದವರು, ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ನಾಟ್ಯಶಿಕ್ಷಣ ಪಡೆದವರು. 1982ರಲ್ಲಿ ಬಿಬಿಸಿಯ ‘ಕಿಂಗ್ ಲಿಯರ್’ ನಿರ್ಮಾಣದಲ್ಲಿ ವಂಚಕ ಎಡ್ಮಂಡನಾಗಿ, 1985ರ ‘ಔಟ್ ಆಫ್ ಆಫ್ರಿಕಾ’ ಚಲನಚಿತ್ರದಲ್ಲಿ ನಾಯಕನ ಸ್ನೇಹಿತನಾಗಿ ಅವರು ಕಾಣಿಸಿಕೊಂಡಿದ್ದರು. ಆದರೆ ಅವರ ಕಲೆಯ ಪೂರ್ಣಪ್ರಮಾಣ ತಿಳಿದದ್ದು ಈ ಪಾತ್ರದಲ್ಲೇ. ಸಂಭಾಷಣೆಯಲ್ಲಿ ತಮ್ಮ ಪಾಲಿನ ಮಾತುಗಳನ್ನು ಕಡಿಮೆ ಮಾಡುವಂತೆ ಕೇಳುವ ನಟ ಅವರು. ಮಾತು ಇಳಿದಷ್ಟೂ ಮುಖದ ಕೆಲಸ ಹೆಚ್ಚುತ್ತದೆ: ತುಟಿಯ ಅಂಚಿನ ಒಂದು ಚಲನೆ, ತಲೆಯ ಅತ್ಯಲ್ಪ ವಾಲಿಕೆ, ಎದುರಿನವನ ಸುಳ್ಳು ಮುಗಿಯುವವರೆಗೆ ಕಾಯುವ ಕಣ್ಣು. ಸುಳ್ಳಾಡುವವನಿಗೆ ಮೌನದಷ್ಟು ಅಸಹನೀಯವಾದುದು ಬೇರಿಲ್ಲವೆಂಬುದನ್ನು ಈ ನಟರು ಚೆನ್ನಾಗಿ ಬಲ್ಲರು. ಫಾಯ್ಲ್ ಕೈಯೆತ್ತುವುದಿಲ್ಲ, ದನಿಯೇರಿಸುವುದಿಲ್ಲ. ಬಲಪ್ರಯೋಗವಿಲ್ಲದೆ ಸತ್ಯ ಹೊರಬರುತ್ತದೆ. ವಾಕ್ಸಂಯಮವು ದೌರ್ಬಲ್ಯವಲ್ಲ, ಒಂದು ಶಕ್ತಿಯೆಂಬುದನ್ನು ಈ ಅಭಿನಯವು ಬೋಧಿಸದೆಯೇ ತೋರಿಸುತ್ತದೆ.

ವಾಹನ ಚಾಲಕಿ ಸಮಂತಾ ಸ್ಟುವರ್ಟ್ ಪಾತ್ರದಲ್ಲಿ ಹನಿಸಕಲ್ ವೀಕ್ಸ್ ಆ ಮೌನಕ್ಕೆ ತಕ್ಕ ಜೋಡಿ. ಪಾದ್ರಿಯ ಮಗಳಾದ ಸಮಂತಾ ಮಾತುಗಾರ್ತಿ, ನಿಷ್ಕಪಟಿ, ಸದಾ ಹಸಿದವಳು. 1940ರ ಜನವರಿಯಲ್ಲಿ ಆರಂಭವಾದ ಆಹಾರದ ಪಡಿತರ ಆ ದೇಶದಲ್ಲಿ 1954ರವರೆಗೆ ಮುಂದುವರಿಯಿತು. ಆ ಅಭಾವವನ್ನೆಲ್ಲ ಆಕೆಯ ಹಸಿವಿನ ನಗೆ ನೆನಪಿಸುತ್ತದೆ. ಸಹಾಯಕ ಅಧಿಕಾರಿ ಪಾಲ್ ಮಿಲ್ನರ್ ಆಗಿ ಆಂಟನಿ ಹೊವೆಲ್ ಅವರದು ಹೆಚ್ಚು ಕಷ್ಟದ ಪಾತ್ರ. ನಾರ್ವೆಯ ರಣರಂಗದಲ್ಲಿ ಒಂದು ಕಾಲು ಕಳೆದುಕೊಂಡು ಬಂದ ಮಿಲ್ನರನನ್ನು ಹೆಂಡತಿಯೇ ಮನಸಾರೆ ಸ್ವೀಕರಿಸಲಾರಳು. ಆ ಕಹಿಯ ಗಳಿಗೆಯಲ್ಲಿ, ‘ದಿ ವೈಟ್ ಫೆದರ್’ ಕಂತಿನಲ್ಲಿ, ಯೆಹೂದ್ಯ ದ್ವೇಷವನ್ನು ಸವಿಮಾತಿನಲ್ಲಿ ಹರಡುವ ರಾಜಕಾರಣಿಯೊಬ್ಬನ ಕಡೆಗೆ ಅವನ ಮನಸ್ಸು ವಾಲುತ್ತದೆ. ಆ ರಾಜಕಾರಣಿಯ ಪಾತ್ರವನ್ನು ಚಾರ್ಲ್ಸ್ ಡ್ಯಾನ್ಸ್ ಎಷ್ಟು ನಯವಾಗಿ ನಿರ್ವಹಿಸಿದ್ದಾರೆಂದರೆ, ಒಳ್ಳೆಯವನು ಹೇಗೆ ಜಾರುತ್ತಾನೆಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ. ನೊಂದವರಿಗೆ ದ್ವೇಷವು ಔಷಧದ ವೇಷದಲ್ಲೇ ಬರುತ್ತದೆ.

ಇಷ್ಟೆಲ್ಲ ಗುಣಗಳಿದ್ದರೂ ಕೃತಿ ನಿರ್ದೋಷವಲ್ಲ. ಪುಟ್ಟ ಪಟ್ಟಣದಲ್ಲಿ ಇಷ್ಟು ಕೊಲೆಗಳು ನಡೆಯುವುದು ಈ ಪ್ರಕಾರದ ಅನಿವಾರ್ಯ ದೋಷವೆಂದು ಬಿಡಬಹುದು. ಎರಡು ಮೂರು ಕಥಾಸೂತ್ರಗಳು ಕೊನೆಯ ಹತ್ತು ನಿಮಿಷಗಳಲ್ಲಿ ಅತಿ ಅಚ್ಚುಕಟ್ಟಾಗಿ ಕೂಡಿಕೊಳ್ಳುವುದು ಕೆಲವೆಡೆ ಕೃತಕವೆನಿಸುತ್ತದೆ. 2007ರಲ್ಲಿ ವಾಹಿನಿಯು ಧಾರಾವಾಹಿಯನ್ನು ನಿಲ್ಲಿಸಲು ತೀರ್ಮಾನಿಸಿದ್ದರಿಂದ ಕಥಾಕಾಲವು 1943ರಿಂದ 1944ಕ್ಕೆ ಅವಸರದಲ್ಲಿ ಜಿಗಿಯಿತು. ವೀಕ್ಷಕರ ಒತ್ತಾಯದಿಂದ ಧಾರಾವಾಹಿ 2010ರಲ್ಲಿ ಮರಳಿತು. 2013ರಿಂದ ಕಥೆ ಲಂಡನ್ನಿಗೂ ಗೂಢಚಾರ ಇಲಾಖೆಗೂ ಸ್ಥಳಾಂತರಗೊಂಡಾಗ ಹೇಸ್ಟಿಂಗ್ಸಿನ ಸಾಮಾನ್ಯ ಜನರ ಒಡನಾಟ ತಪ್ಪಿತು. ಆದರೂ ಅಂತಿಮ ಕಂತು ‘ಎಲೀಸ್’ನಲ್ಲಿ, ಶತ್ರುವಿನ ಬಲೆಗೆ ಬಿದ್ದ ಗುಪ್ತಜಾಲಕ್ಕೆ ತರುಣ ತರುಣಿಯರನ್ನು ಕಳುಹಿಸಿ ಬಲಿಗೊಟ್ಟ ಅಧಿಕಾರದ ಕಥೆಯ ಮೂಲಕ, ಮೊದಲ ಕಂತಿನ ಪ್ರಶ್ನೆಯೇ ಮತ್ತೆ ಕೇಳಿಬರುತ್ತದೆ.

ಇನ್ನೂ ಆಳವಾದ ಎರಡು ಕೊರತೆಗಳನ್ನು ಹೇಳಬೇಕು. ಮೊದಲನೆಯದು ಭೂಗೋಳಕ್ಕೆ ಸಂಬಂಧಿಸಿದ್ದು. ಯುದ್ಧದ ಅಗತ್ಯವೆಂಬ ಅದೇ ನೆಪದಿಂದ 1942ರಲ್ಲಿ ಬ್ರಿಟಿಷ್ ಆಡಳಿತವು ಬಂಗಾಳದ ಕರಾವಳಿಯ ದೋಣಿಗಳನ್ನೂ ಅಕ್ಕಿಯನ್ನೂ ಜನರ ಕೈಯಿಂದ ತೆಗೆಸಿತು. ಮರುವರ್ಷದ ಕ್ಷಾಮದಲ್ಲಿ ಸತ್ತವರ ಸಂಖ್ಯೆಯನ್ನು ವಿದ್ವಾಂಸರು ಇಪ್ಪತ್ತರಿಂದ ಮೂವತ್ತು ಲಕ್ಷವೆಂದು ಅಂದಾಜು ಮಾಡುತ್ತಾರೆ. ಒಂದು ಜೀವದ ಬೆಲೆಯನ್ನು ಇಷ್ಟು ಕಾಳಜಿಯಿಂದ ಕೇಳುವ 28 ಕಂತುಗಳಲ್ಲಿ ಒಂದೂ ಈ ಸಾವುಗಳನ್ನು ತನ್ನ ವಸ್ತುವಾಗಿ ಆರಿಸಿಕೊಳ್ಳಲಿಲ್ಲ. ಫಾಯ್ಲನ ತಕ್ಕಡಿ ನ್ಯಾಯವಾದದ್ದೇ, ಆದರೆ ಅದು ತೂಗುವ ಅಂಗಡಿ ಒಂದು ದ್ವೀಪದೊಳಗಿದೆ.

ಎರಡನೆಯದು ನೇಣುಗಂಬಕ್ಕೆ ಸಂಬಂಧಿಸಿದ್ದು. ಆ ಕಾಲದ ಬ್ರಿಟನ್ನಿನಲ್ಲಿ ಕೊಲೆಗೆ ಶಿಕ್ಷೆ ಗಲ್ಲು. ಅಲ್ಲಿ ಅದು 1965ರಲ್ಲಿ ಸ್ಥಗಿತಗೊಂಡು 1969ರಲ್ಲಿ ಶಾಶ್ವತವಾಗಿ ರದ್ದಾಯಿತು. ಅಂದರೆ ಫಾಯ್ಲ್ ಬಂಧಿಸಿದ ಬಹುತೇಕ ಕೊಲೆಗಾರರು ಕೆಲವು ತಿಂಗಳಲ್ಲಿ ರಾಜ್ಯದ ಕೈಯಿಂದ ಸಾಯತಕ್ಕವರು. ಕಂತು ಮಾತ್ರ ಬಂಧನದ ಗಳಿಗೆಯಲ್ಲೇ ಸಾಮಾನ್ಯವಾಗಿ ಮುಗಿದು, ವೀಕ್ಷಕನನ್ನು ನೆಮ್ಮದಿಯಿಂದ ಕಳುಹಿಸಿಕೊಡುತ್ತದೆ. ಪ್ರತಿಯೊಂದು ಜೀವವೂ ಅಮೂಲ್ಯವೆನ್ನುವ ನ್ಯಾಯವು ಕೊಂದವನ ಜೀವಕ್ಕೆ ಬಂದಾಗ ಮುಖ ತಿರುಗಿಸಬಹುದೇ? ಈ ಪ್ರಶ್ನೆಯ ಮುಂದೆ ಧಾರಾವಾಹಿ ಬಹುಕಾಲ ಮೌನವಾಗಿದೆ; ಈ ಮೌನ ಕಿಚನ್ ಅವರ ಮೌನದಂತೆ ಅರ್ಥಗರ್ಭಿತವಾದುದಲ್ಲ.

ಆದರೆ 2010ರ ‘ದಿ ಹೈಡ್’ ಕಂತು ಈ ಸಾಲವನ್ನು ಒಂದಿಷ್ಟಾದರೂ ತೀರಿಸುತ್ತದೆ. ಯುದ್ಧ ಮುಗಿದಿದೆ. ಜರ್ಮನರು ಬ್ರಿಟಿಷ್ ಸೆರೆಯಾಳುಗಳಿಂದ ಕಟ್ಟಿದ್ದ ಪಡೆಗೆ ಸೇರಿದನೆಂಬ ರಾಜದ್ರೋಹದ ಆರೋಪದ ಮೇಲೆ ಜೇಮ್ಸ್ ಎಂಬ ಯುವಕನ ವಿಚಾರಣೆ ನಡೆಯುತ್ತಿದೆ. ಆಂಡ್ರ್ಯೂ ಸ್ಕಾಟ್ ಅಭಿನಯಿಸಿದ ಈ ಯುವಕ ತನ್ನ ರಕ್ಷಣೆಗಾಗಿ ಒಂದು ಮಾತನ್ನೂ ಆಡಲೊಲ್ಲ. ಸಾಯಲು ಸಿದ್ಧನಾಗಿ ಕುಳಿತಿದ್ದಾನೆ. ವಿಜಯದ ಉನ್ಮಾದದಲ್ಲಿರುವ ದೇಶಕ್ಕೆ ಅವನ ಬಗ್ಗೆ ಅನುಕಂಪವಿಲ್ಲ. ಜೀವನವಿಡೀ ಅಪರಾಧಿಗಳನ್ನು ನ್ಯಾಯಾಲಯಕ್ಕೆ ಒಪ್ಪಿಸಿದ ಫಾಯ್ಲ್ ಇಲ್ಲಿ ಒಬ್ಬನನ್ನು ಗಲ್ಲಿನಿಂದ ಮರಳಿ ತರಲು ಹೊರಡುತ್ತಾನೆ, ಅವನ ಮೌನದ ಹಿಂದಿರುವ ಕುಟುಂಬದ ದುರಂತವನ್ನು ಬಿಡಿಸಿ ಅವನನ್ನು ಉಳಿಸುತ್ತಾನೆ. ಶತ್ರುದೇಶದ ಹೆಂಗಸಿನ ಜೀವವನ್ನು ಲೆಕ್ಕಕ್ಕೆ ತಂದುಕೊಂಡವನು ದ್ರೋಹಿಯೆನಿಸಿಕೊಂಡವನ ಜೀವವನ್ನೂ ಅದೇ ಲೆಕ್ಕದಲ್ಲಿ ಸೇರಿಸಿದಾಗ ವೃತ್ತವು ಪೂರ್ಣವಾಗುತ್ತದೆ. ಆ ಕಂತಿನ ಕೊನೆಯಲ್ಲಿ ಫಾಯ್ಲ್ ಅಮೆರಿಕಕ್ಕೆ ಹಡಗು ಹತ್ತುತ್ತಾನೆ. ಐವತ್ತು ನೌಕೆಗಳ ಕಥೆಯನ್ನು ನೆನಪಿಟ್ಟವರಿಗೆ ಕಾರಣ ಹೇಳಬೇಕಾಗಿಲ್ಲ. ಐದು ವರ್ಷ ಕಳೆದರೂ, ಸಾವಿನ ರಾಶಿಯೇ ಬಿದ್ದುಹೋದರೂ, ಕೊಲೆಯಾದ ಆ ಒಬ್ಬನ ಲೆಕ್ಕ ಆತನ ಪುಸ್ತಕದಲ್ಲಿ ಹಾಗೆಯೇ ಇತ್ತು.

ಮಹಾಯುದ್ಧವು ಎಲ್ಲರ ಬಾಳಿನಲ್ಲಿ ಬರುವಂಥದಲ್ಲ. ಆದರೆ ‘ಸದ್ಯಕ್ಕೆ’ ಎಂಬ ಮಾತು ಬಾರದ ಮನೆಯಿಲ್ಲ, ಸಂಸ್ಥೆಯಿಲ್ಲ. ದೊಡ್ಡ ಕಾರ್ಯವೊಂದು ನಡೆಯುತ್ತಿರುವಾಗ ಚಿಕ್ಕವನೊಬ್ಬನಿಗಾದ ಅನ್ಯಾಯವನ್ನು ಬದಿಗಿಡುವುದು, ಉಪಕಾರ ಮಾಡಿದ ಸಿರಿವಂತನ ತಪ್ಪನ್ನು ಕಾಣದಂತಿರುವುದು, ಒಳ್ಳೆಯ ಉದ್ದೇಶದ ಹೆಸರಿನಲ್ಲಿ ಒಂದು ಸುಳ್ಳನ್ನು ಸಹಿಸುವುದು, ಇವೆಲ್ಲ ಶಾಂತಿಕಾಲದಲ್ಲೂ ನಡೆಯುವ ವ್ಯವಹಾರಗಳೇ. ಅಂಥ ಗಳಿಗೆಯಲ್ಲಿ ಹೇಸ್ಟಿಂಗ್ಸಿನ ಆ ಮಿತಭಾಷಿ ಅಧಿಕಾರಿಯ ಮುಖ ಕಣ್ಮುಂದೆ ಬಂದರೆ, ಒಂದು ಕೊಲೆಯ ಕಥೆಯನ್ನು ನೋಡಲು ವ್ಯಯಿಸಿದ ಸಮಯ ನಷ್ಟವಾಯಿತೆಂದು ಯಾರೂ ಹೇಳಲಾರರು.